ರೈಲಿನಲ್ಲಿ ಸಿಕ್ಕವರು

ಅಮೆರಿಕದ ಕೆಂಡಲ್ ಪಾರ್ಕಿನ ಕನ್ನಡದ ಹಿರಿಯರಲ್ಲಿ ಯಾರಿಗೆ ಯಾವ ಫಾರಂ ತುಂಬಬೇಕಾದರೂ ಪ್ರಭಾಕರನೇ ಆಗಬೇಕು. ಮೈಸೂರಿನಲ್ಲಿ ಪೋಸ್ಟ್‌ಮಾಸ್ಟರಾಗಿ ನಿವೃತ್ತನಾಗಿ ಮಗ ನಚಿಕೇತನ ಮನೆಗೆ ಬಂದು ಅವನಿಗೆ ಎಂಟು ವರ್ಷ ಆಗಿತ್ತು. ಲೈಬ್ರರಿ ಕಾರ್ಡಿನಿಂದ ಹಿಡಿದು ಗ್ರೀನ್ ಕಾರ್ಡ್ ರಿನ್ಯೂವಲ್‌ವರೆಗೆ ಎಲ್ಲವನ್ನೂ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಸಿಕೊಡುತ್ತಿದ್ದ. ನಡುವೆ ಯಾರಾದರೂ ಬಾಯಿ ಹಾಕಿದರೆ ಸಿಟ್ಟು ಬರುತ್ತಿತ್ತು. "ಜೀವಮಾನವೆಲ್ಲ ಇದೇ ಕೆಲಸ ಮಾಡಿದೀನಿ ಕಣ್ರೀ" ಅನ್ನುತ್ತಿದ್ದ.

ಸಂಜೆಯ ವಾಕಿಂಗಿಗೆ ಅವನ ಜೊತೆಗಾರರು ಸಿದ್ದರಾಮಪ್ಪ ಮೇಷ್ಟ್ರು. ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು. ಪ್ರಭಾಕರನಿಗಿಂತ ಮೂರು ವರ್ಷ ದೊಡ್ಡವರು. ಮೊದಲ ವರ್ಷ 'ಪ್ರಭಾಕರ ಅವರೇ, ನೀವು' ಅನ್ನುತ್ತಿದ್ದವರು ಎರಡನೆಯ ವರ್ಷಕ್ಕೆ 'ಪ್ರಭಾಕರಾ, ನೀ' ಅನ್ನತೊಡಗಿದ್ದರು. ಅಮೆರಿಕಕ್ಕೆ ಬಂದ ಮೇಲೆ ತನ್ನನ್ನು ಏಕವಚನದಲ್ಲಿ ಕರೆಯುವವರು ಯಾರೂ ಇಲ್ಲವಾಗಿದ್ದ ಪ್ರಭಾಕರನಿಗೆ ಅದು ಒಳಗೊಳಗೇ ಇಷ್ಟವಾಗಿತ್ತು.

ಮೇಷ್ಟ್ರ ಅಕ್ಕ ಅಕ್ಕಮ್ಮ ಕೆನಡಾದ ಬ್ರಾಂಪ್ಟನ್‌ನಲ್ಲಿ ಮಗ ಮಹೇಶನ ಜೊತೆ ಇದ್ದರು. ವಯಸ್ಸು ಎಂಬತ್ತು. ತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಇಬ್ಬರೂ ಮುಖಾಮುಖಿ ಕಂಡು ಒಂಬತ್ತು ವರ್ಷ ಆಗಿತ್ತು. ಮೇಷ್ಟ್ರ ಮಗಳು ವಿಮಾನದ ಟಿಕೆಟ್ ತೆಗೆಸುತ್ತೇನೆ ಎಂದರೆ ಇವರಿಗೆ ಸಂಕೋಚ. ಆಗ ಪ್ರಭಾಕರನೇ ದಾರಿ ಹುಡುಕಿದ. ನ್ಯೂಯಾರ್ಕಿನಿಂದ ಬೆಳಿಗ್ಗೆ ಹೊರಡುವ ರೈಲು ನಯಾಗರಾದಲ್ಲಿ ಗಡಿ ದಾಟಿ ರಾತ್ರಿ ಟೊರಾಂಟೊ ಸೇರುತ್ತದೆ. ವಿಮಾನದ ಅರ್ಧ ಖರ್ಚೂ ಇಲ್ಲ. ಬರುವಾಗ ರಾತ್ರಿ ಬಸ್ಸು, ಇನ್ನೂ ಅಗ್ಗ. "ಮಕ್ಕಳ ಹಂಗಿಲ್ಲದೆ ನಾವಿಬ್ಬರೇ ಹೋಗಿಬರೋಣ ಮೇಷ್ಟ್ರೇ" ಎಂದ.

ಟಿಕೆಟ್ ಬುಕ್ ಮಾಡುವಾಗ ಕಂಪ್ಯೂಟರು ಪಾಸ್‌ಪೋರ್ಟಿನ ಅವಧಿ ಕೇಳಿತು. ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ 08/05/2025 ಎಂದಿತ್ತು.

"ಆಗಸ್ಟ್ ಐದು" ಎಂದು ಪ್ರಭಾಕರ ಟೈಪ್ ಮಾಡಿದ.

"ಆಗಸ್ಟೋ, ಮೇ ಎಂಟೋ?" ಮೇಷ್ಟ್ರು ಬಗ್ಗಿ ನೋಡಿದರು. "ನಂಗ್ಯಾಕೋ ಮೇ ಅನಸ್ತದಪಾ."

"ಇಲ್ಲೆಲ್ಲ ತಿಂಗಳು ಮೊದಲು ಬರುತ್ತೆ ಮೇಷ್ಟ್ರೇ, ಆಮೇಲೆ ತಾರೀಖು. ಸುಮ್ನಿರಿ ನೀವು."

ಅದು ಭಾರತದ ಪಾಸ್‌ಪೋರ್ಟು, ಅದರಲ್ಲಿ ತಾರೀಖೇ ಮೊದಲು ಬರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಗಣಿತದ ಮೇಷ್ಟ್ರು ಸುಮ್ಮನಾದರು. ಆಗಲೇ ಜೂನ್ ಎರಡನೆಯ ವಾರ.

ಹೊರಡುವ ದಿನ ನಸುಕಿನಲ್ಲಿ ನಚಿಕೇತ ಇಬ್ಬರನ್ನೂ ಪ್ರಿನ್ಸ್‌ಟನ್ ಜಂಕ್ಷನ್ನಿಗೆ ಡ್ರಾಪ್ ಮಾಡಿದ. ಇಳಿಯುವಾಗ ಅಪ್ಪನನ್ನು ಪಕ್ಕಕ್ಕೆ ಕರೆದು, "ನಿಮ್ಮ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಂದಿನ ತಿಂಗಳಿದೆ. ಬಾರ್ಡರ್‌ನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳಿ. ಯಾವ ತಂಟೆಗೂ ಹೋಗಬೇಡಿ. ಕಾಲ ಸರಿಯಿಲ್ಲ" ಎಂದ.

ನ್ಯೂಯಾರ್ಕಿನಲ್ಲಿ ಬದಲಿಸಿ ಹತ್ತಿದ ರೈಲು ಹಡ್ಸನ್ ನದಿಯ ಪಕ್ಕದಲ್ಲಿ ಹೊರಟಾಗ ಮೇಷ್ಟ್ರು ಹುಡುಗನ ಹಾಗೆ ಕಿಟಕಿಗೆ ಮುಖ ಒತ್ತಿ ಕೂತಿದ್ದರು. ಆಲ್ಬನಿ ದಾಟಿದ ಮೇಲೆ ಪ್ರಭಾಕರನ ಸೊಸೆ ಕ್ಷಮಾ ಕಟ್ಟಿಕೊಟ್ಟಿದ್ದ ಚಪಾತಿ ತಿಂದರು. ಮೇಷ್ಟ್ರ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ಎಲ್ಲ ಪ್ರಭಾಕರನ ಕೈಚೀಲದಲ್ಲಿದ್ದವು. "ನೀವು ಎಲ್ಲಾದರೂ ಮರೆತುಬಿಡೋ ಗಿರಾಕಿ" ಎಂದು ಅವನೇ ತೆಗೆದಿಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಮೇಷ್ಟ್ರು ಅಕ್ಕನ ಮಾತೇ ಆಡಿದರು. ಶಾಲೆಗೆ ಹೋಗುವುದಿಲ್ಲ ಎಂದು ತಾವು ಹಟ ಮಾಡಿದ ದಿನ ಅಕ್ಕ ತನ್ನ ಬೆಂಡೋಲೆ ಬಿಚ್ಚಿ ಕೈಗೆ ಕೊಟ್ಟು, "ಇದನ್ನ ಹಿಡಕೊಂಡು ಕೂಡ್ರು, ನಾ ಹೊರಗ ಇರತೀನಿ" ಎಂದು ಬಾಗಿಲಲ್ಲಿ ಸಂಜೆಯವರೆಗೆ ಕೂತಿದ್ದಳಂತೆ.

ಸಂಜೆ ಐದರ ಹೊತ್ತಿಗೆ ರೈಲು ಸೇತುವೆ ದಾಟಿ ಕೆನಡಾದ ಬದಿ ನಿಂತಿತು. ಎಲ್ಲರೂ ಸಾಮಾನು ಸಮೇತ ಇಳಿದು ಸಾಲಿನಲ್ಲಿ ನಿಂತರು. ಪ್ರಭಾಕರನ ಸರದಿ ಎರಡು ನಿಮಿಷದಲ್ಲಿ ಮುಗಿಯಿತು. ಎಲ್ಲಿಗೆ, ಎಷ್ಟು ದಿನ, ಸರಿ ಹೋಗಿ. ಅವನು ಪಕ್ಕಕ್ಕೆ ಸರಿದು ಮೇಷ್ಟ್ರಿಗಾಗಿ ಕಾದ.

ಪಕ್ಕದ ಕೌಂಟರಿನಲ್ಲಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಮೇಷ್ಟ್ರ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ್, ಇದರ ಅವಧಿ ಮೇ ಎಂಟಕ್ಕೇ ಮುಗಿದಿದೆ" ಎಂದಳು.

ಮೇಷ್ಟ್ರು ಬಗ್ಗಿ ಆ ತಾರೀಖು ನೋಡಿದರು. "ಆಗಸ್ಟ್ ಅಂತ ತಿಳಿದಿದ್ದೆ, ಮ್ಯಾಡಮ್" ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು.

"ಟಿಕೆಟಿನ ವಿವರ ನೀವೇ ತುಂಬಿದಿರಾ?"

"ಇಲ್ಲ. ನನ್ನ ಗೆಳೆಯ ತುಂಬಿದ. ಅಲ್ಲಿದ್ದಾನೆ."

ಅವರು ತಿರುಗಿ ಪ್ರಭಾಕರನ ಕಡೆ ಕೈ ತೋರಿಸಿದರು. ಅವರ ಮುಖದಲ್ಲಿ ದೂರೇನೂ ಇರಲಿಲ್ಲ. ಇವನು ಬಂದು ಸರಿಮಾಡುತ್ತಾನೆ ಎಂಬ ಭರವಸೆ ಇತ್ತು. ಅಧಿಕಾರಿ ಪ್ರಭಾಕರನನ್ನು ನೋಡಿದಳು. ಅವಳ ಹಿಂದೆ ನಿಂತಿದ್ದ ಇನ್ನೊಬ್ಬ ಅಧಿಕಾರಿಯೂ ನೋಡಿದ.

"ಸರ್, ಆರ್ ಯು ಟ್ರಾವೆಲಿಂಗ್ ಟುಗೆದರ್?"

ಪ್ರಭಾಕರನಿಗೆ ಮುಂದಿನ ತಿಂಗಳ ಸಿಟಿಜನ್‌ಶಿಪ್ ಇಂಟರ್‌ವ್ಯೂ ನೆನಪಾಯಿತು. ತಪ್ಪು ಮಾಹಿತಿ ಕೊಟ್ಟವನು ತಾನು. ಹೆಸರು ಬರೆದುಕೊಳ್ಳುತ್ತಾರೆ, ಅದು ಎಲ್ಲಿಗೋ ಹೋಗುತ್ತದೆ, ಇಂಟರ್‌ವ್ಯೂನಲ್ಲಿ ಯಾರೋ ಅದನ್ನು ಎತ್ತುತ್ತಾರೆ, ನಚಿಕೇತ ಏನನ್ನುತ್ತಾನೆ.

"ನೋ, ಮ್ಯಾಡಮ್" ಎಂದ. "ವೀ ಜಸ್ಟ್ ಮೆಟ್ ಆನ್ ದ ಟ್ರೇನ್."

ಮೇಷ್ಟ್ರ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಅದು ಕೆಳಗಿಳಿಯಿತು.

"ನಿಮಗೆ ಇವರ ಪರಿಚಯವಿಲ್ಲವೇ?" ಅಧಿಕಾರಿ ಮೇಷ್ಟ್ರನ್ನು ಕೇಳಿದಳು.

ಮೇಷ್ಟ್ರು ಪ್ರಭಾಕರನನ್ನು ದಿಟ್ಟಿಸಿದರು. "ಇಲ್ಲ, ಮ್ಯಾಡಮ್. ಅವರು ಹೇಳೋದು ಸರಿ. ರೈಲಿನಲ್ಲಿ ಸಿಕ್ಕವರು. ತಪ್ಪು ನಂದೇ."

ಅವಳು ಒರಟಾಗಿಯೇನೂ ಮಾತಾಡಲಿಲ್ಲ. ಅವಧಿ ಮುಗಿದ ಪಾಸ್‌ಪೋರ್ಟಿನಲ್ಲಿ ಒಳಗೆ ಬಿಡಲಾಗುವುದಿಲ್ಲ, ಗ್ರೀನ್ ಕಾರ್ಡ್ ಇರುವುದರಿಂದ ಕಾಗದಪತ್ರ ಮುಗಿಸಿ ಅಮೆರಿಕದ ಬದಿಗೆ ಕಳಿಸುತ್ತೇವೆ ಎಂದಳು. ಮೇಷ್ಟ್ರು ತಮ್ಮ ಸೂಟ್‌ಕೇಸ್ ಎಳೆದುಕೊಂಡು ಅವಳ ಹಿಂದೆ ಒಳಕೋಣೆಗೆ ಹೋದರು. ತಿರುಗಿ ನೋಡಲಿಲ್ಲ.

ಉಳಿದವರೆಲ್ಲ ಮತ್ತೆ ರೈಲು ಹತ್ತಿದರು. ಪ್ರಭಾಕರನೂ ಹತ್ತಿದ. ಪಕ್ಕದ ಸೀಟು ಖಾಲಿ. ರೈಲು ಹೊರಟಿತು. ತಾನು ಅಲ್ಲಿ ನಿಂತು ಮಾಡುವುದಾದರೂ ಏನಿತ್ತು, ಹೇಗೂ ಅವರನ್ನು ಬಿಡುತ್ತಿರಲಿಲ್ಲ, ಟೊರಾಂಟೊ ತಲುಪಿ ಅಕ್ಕಮ್ಮನಿಗೆ ವಿಷಯ ತಿಳಿಸುವುದೇ ಸರಿ ಎಂದು ತನಗೆ ತಾನೇ ಹೇಳಿಕೊಂಡ. ಮೇಷ್ಟ್ರಿಗೆ ಫೋನ್ ಮಾಡಲು ಮೊಬೈಲ್ ತೆಗೆದ. ಏನು ಹೇಳುವುದು ಎಂದು ತೋಚದೆ ವಾಪಸ್ ಇಟ್ಟ. ನೀರಿನ ಬಾಟಲಿಗಾಗಿ ಕೈಚೀಲಕ್ಕೆ ಕೈ ಹಾಕಿದಾಗ ಸಿಕ್ಕಿದ್ದು ಮೇಷ್ಟ್ರ ಮಾತ್ರೆಯ ಡಬ್ಬಿ. ಸಂಜೆಯ ಊಟದ ಜೊತೆ ತೆಗೆದುಕೊಳ್ಳಬೇಕಾದ ಮಾತ್ರೆ, ಅವರ ಹೆಸರು ಬರೆದ ಚೀಟಿ ಸಮೇತ.

ಮುಂದಿನ ಸ್ಟೇಷನ್ ಸೇಂಟ್ ಕ್ಯಾಥರಿನ್ಸ್. ಪ್ರಭಾಕರ ಅಲ್ಲಿ ಇಳಿದುಬಿಟ್ಟ. ಟ್ಯಾಕ್ಸಿ ಹಿಡಿದು ನಯಾಗರಾಕ್ಕೆ ಹಿಂದಿರುಗಿ, ಜಲಪಾತ ನೋಡಲು ಬಂದವರ ಗುಂಪಿನ ನಡುವೆ ಸೇತುವೆಯ ಮೇಲೆ ಚೀಲ ಹೊತ್ತು ನಡೆದ. ಅಮೆರಿಕದ ಬದಿಯ ಅಧಿಕಾರಿ ಕಾರ್ಡು ನೋಡಿ, "ಕೆನಡಾದಲ್ಲಿ ಎಷ್ಟು ಹೊತ್ತು ಇದ್ದಿರಿ?" ಎಂದು ಕೇಳಿದ. "ಮೂರು ಗಂಟೆ. ನನ್ನ ಗೆಳೆಯ ಈ ಕಡೆ ಉಳಿದಿದ್ದಾರೆ" ಎಂದ ಪ್ರಭಾಕರ. ಈ ಸಲ ಮಾತು ಸಲೀಸಾಗಿ ಬಂತು. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಮೇಷ್ಟ್ರು ಅಮೆರಿಕದ ಬದಿಯ ರೈಲು ನಿಲ್ದಾಣದ ಹೊರಗೆ ಬೆಂಚಿನ ಮೇಲೆ ಸೂಟ್‌ಕೇಸ್ ಮುಂದಿಟ್ಟುಕೊಂಡು ಕೂತಿದ್ದರು. ಇವನನ್ನು ಕಂಡು ಎದ್ದು ನಿಂತರು.

"ನೀವ್ಯಾಕ ತಿರುಗಿ ಬಂದ್ರಿ? ಮುಂದ ಹೋಗಬೇಕಾಗಿತ್ತು."

ನೀವು. ಪ್ರಭಾಕರನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

"ಮಾತ್ರೆ... ಮಾತ್ರೆ ನನ್ನ ಹತ್ರ ಇತ್ತು ಮೇಷ್ಟ್ರೇ."

"ಹೌದ್ರೀ, ನೆನಪ ಇರಲಿಲ್ಲ. ಭಾಳ ಉಪಕಾರ ಆತು." ಡಬ್ಬಿ ತೆಗೆದುಕೊಂಡು ಕಿಸೆಗೆ ಹಾಕಿಕೊಂಡರು. ಕೆಟ್ಟ ಮಾತು ಒಂದೂ ಇಲ್ಲ. ಮೋಟೆಲಿನಲ್ಲಿ ಒಂದೇ ಕೋಣೆ ಹಿಡಿದರು. ಉಳಿದ ಚಪಾತಿಯನ್ನು ಮೇಷ್ಟ್ರು ಸರಿಯಾಗಿ ಎರಡು ಪಾಲು ಮಾಡಿ, ಇವನ ಪಾಲನ್ನು ಕಾಗದದ ಮೇಲಿಟ್ಟು ಮುಂದೆ ಸರಿಸಿ, "ತಗೋರಿ" ಎಂದರು.

ಮೇಷ್ಟ್ರು ಅಕ್ಕನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಆಕೆ ಅಳಲಿಲ್ಲ. "ನಾ ಬರತೀನಿ. ಅಷ್ಟು ಹತ್ರ ಬಂದಾನ ನನ್ನ ತಮ್ಮ" ಎಂದರಂತೆ. ಆಕೆಗೆ ಅಮೆರಿಕದ ವೀಸಾ ಇರಲಿಲ್ಲ. ಆದರೂ ಮರುದಿನ ಮಧ್ಯಾಹ್ನ ಮಹೇಶ ತಾಯಿಯನ್ನು ಕಾರಿನಲ್ಲಿ ಕೂಡಿಸಿಕೊಂಡು ನಯಾಗರಾದ ಕೆನಡಾ ದಂಡೆಗೆ ಬಂದ. ಮೇಷ್ಟ್ರು ಈ ದಂಡೆಯ ಕಟಾಂಜನದ ಬಳಿ ನಿಂತರು. ನಡುವೆ ಆಳದಲ್ಲಿ ನದಿ. ಆ ದಂಡೆಯ ಮುಖಗಳು ಕಾಣುವುದಿಲ್ಲ, ಬಟ್ಟೆಯ ಬಣ್ಣ ಮಾತ್ರ.

ಮೇಷ್ಟ್ರು ಸೂಟ್‌ಕೇಸಿನಿಂದ ಒಂದು ಇಳಕಲ್ ಸೀರೆ ತೆಗೆದರು. ಅಕ್ಕನಿಗೆಂದು ಊರಿಂದ ತರಿಸಿದ್ದು. "ಇದನ್ನ ಮುಟ್ಟಿಸಿ ಬರ್ತೀರೇನು? ನಿಮ್ಮ ಪಾಸ್‌ಪೋರ್ಟು ನಡೀತದಲ್ಲ" ಎಂದರು. ಕುಹಕವಿರಲಿಲ್ಲ ಆ ಮಾತಿನಲ್ಲಿ. ಪ್ರಭಾಕರ ಸೀರೆ ಹಿಡಿದು ಮತ್ತೆ ಸೇತುವೆ ದಾಟಿದ.

ಅಕ್ಕಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದರು. ಸಣ್ಣ ಮೈ, ಹಣೆ ತುಂಬ ವಿಭೂತಿ. ಸೀರೆಯನ್ನು ಮೂಸಿ ನೋಡಿ ತೊಡೆಯ ಮೇಲಿಟ್ಟುಕೊಂಡರು. ಮಹೇಶ ಫೋನ್ ಹಿಡಿದ. ಆಚೆಯಿಂದ ಮೇಷ್ಟ್ರು ಶಲ್ಯ ಬೀಸಿದರು. "ಆ ಬಿಳೇದು ಅಲ್ಲಾಡಕತ್ತದಲ್ಲ, ಅಂವನೇನು?" ಎಂದು ಅಕ್ಕಮ್ಮ ಕೈಯನ್ನು ಕಣ್ಣ ಮೇಲೆ ಅಡ್ಡ ಹಿಡಿದು ನೋಡಿದರು. "ಸಣ್ಣಾವ ಆಗ್ಯಾನ" ಎಂದರು. ಫೋನಿನಲ್ಲಿ ಇಬ್ಬರೂ ಮಾತಾಡಿದ್ದು ಊಟ ಆತೇನು, ಮಂಡಿ ನೋವು ಹೆಂಗದ, ಇಷ್ಟೇ. ಅರ್ಧ ಗಂಟೆ ಇದನ್ನೇ ಆಡಿದರು.

ಹೊರಡುವಾಗ ಆಕೆ ಪ್ರಭಾಕರನ ಕೈ ಹಿಡಿದುಕೊಂಡರು.

"ಎಲ್ಲಾ ಹೇಳ್ಯಾನ ಅಂವ. ತನ್ನ ಕೈ ಬಿಡಬಾರದು ಅಂತ ನಡು ದಾರ್ಯಾಗ ರೈಲು ಇಳದು ಬಂದ್ರಂತ. ಒಡಹುಟ್ಟಿದವರೂ ಹಂಗ ಮಾಡೂದಿಲ್ಲ."

"ಅಕ್ಕಾ, ತಪ್ಪು ನನ್ನದೇ. ಪಾಸ್‌ಪೋರ್ಟ್ ತಾರೀಖು ನಾನೇ..."

"ತಾರೀಖು ಯಾರರ ತಪ್ಪತಾರ. ಅದನ್ನ ಬಿಡ್ರಿ." ಆಕೆ ಅವನ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಮ್ಮನಿಗೆಂದು ತಂದಿದ್ದ ಗಂಟನ್ನು ಅವನ ಕೈಗಿತ್ತರು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ಸೇತುವೆಯ ಮೇಲೆ ವಾಪಸು ಬರುವಾಗ ಅದು ಕಲ್ಲಿನಂತೆ ಭಾರವಾಗಿತ್ತು.

ಅಂದು ರಾತ್ರಿ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೊರಟರು. ದೀಪ ಆರಿಸಿದರು. ಸುತ್ತಲಿನವರು ಮಲಗಿದರು. ಪ್ರಭಾಕರ ಪಿಸುದನಿಯಲ್ಲಿ ಹೇಳಿದ, "ಮೇಷ್ಟ್ರೇ, ನಾನು ಹಾಗೆ ಹೇಳಬಾರದಿತ್ತು. ಹೆದರಿಬಿಟ್ಟೆ."

"ಅಂಜಿಕಿ ಎಲ್ಲಾರಿಗೂ ಬರ್ತದರಿ."

"ಅಕ್ಕನಿಗೆ ಯಾಕೆ ನಿಜ ಹೇಳಲಿಲ್ಲ? ನಾನು ವಾಪಸ್ ಬಂದದ್ದು ಮಾತ್ರೆ ಕಣ್ಣಿಗೆ ಬಿದ್ದದ್ದಕ್ಕೆ. ಅದು ಸಿಗದೆ ಇದ್ದಿದ್ರೆ ಇಳೀತಿದ್ನೋ ಇಲ್ವೋ, ನನಗೇ ಗೊತ್ತಿಲ್ಲ."

ಮೇಷ್ಟ್ರು ಶಲ್ಯ ಹೊದ್ದುಕೊಂಡು ಕಿಟಕಿಯ ಕಡೆ ತಿರುಗಿದರು. ನಿದ್ದೆ ಹೋದರೇನೋ ಅಂದುಕೊಂಡ.

"ನೀವು ಅಂದದ್ದು ನನ್ನ ಮನಸ್ಸಿಗೆ ಅಷ್ಟ ಹತ್ತಲಿಲ್ಲ" ಎಂದರು ಕೊನೆಗೆ. "ನೀವು ಅಂದ ಮ್ಯಾಲೆ ನಾನೂ ಹೌದು ಅಂದೆನಲ್ಲ, ಅದು ಹತ್ತೇದ. ಹುಡುಗರಿಗೆ ಖರೇ ಮಾತಾಡ್ರಿ ಅಂತ ಮೂವತ್ತಾರು ವರ್ಷ ಹೇಳಿದಾಂವ ನಾ. ನಿಮಗ ತ್ರಾಸ ಆಗಬಾರದು ಅಂತ, ಆ ಆಫೀಸರ್ ಬಾಯಾರ ಮುಂದ ನಿಮ್ಮ ಗುರ್ತು ಇಲ್ಲ ಅಂದೆ. ಅಂದ ಕೂಡಲೇ ಖರೇನ ಗುರ್ತು ಹೋದಂಗ ಆತು. ಅದು ತಿರುಗಿ ಬರಬೇಕು, ಬರಲಿ. ನಾ ಏನು ಮಾಡಲಿ?"

"ತಪ್ಪಾಯ್ತು ಮೇಷ್ಟ್ರೇ."

"ಮಲಕ್ಕೋರಿ. ಮುಂಜಾನೆ ಮತ್ತ ರೈಲು ಹಿಡೀಬೇಕು."

ಪ್ರಭಾಕರ ಮನೆಯಲ್ಲಿ ನಚಿಕೇತನಿಗೆ ಎಲ್ಲವನ್ನೂ ಹೇಳಿದ. ನಚಿಕೇತ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಇರಲಿ ಬಿಡಿ ಅಪ್ಪಾ, ಯಾರೂ ಚೆಕ್ ಮಾಡಲ್ಲ. ಅವರನ್ನ ಹೇಗೂ ಬಿಡ್ತಿರಲಿಲ್ಲ ಅಲ್ವಾ? ಪ್ರಾಕ್ಟಿಕಲ್ ಆಗಿ ನೀವು ಮಾಡಿದ್ದೇ ಸರಿ" ಎಂದ. ಪ್ರಭಾಕರನಿಗೆ ಬೇಕಾಗಿದ್ದುದು ಆ ಮಾತಲ್ಲ. ಬೈದಿದ್ದರೂ ಅಂದು ರಾತ್ರಿ ಒಂದಿಷ್ಟು ನಿದ್ದೆ ಬರುತ್ತಿತ್ತೇನೋ.

ಆಮೇಲೂ ಅವರಿಬ್ಬರೂ ಸಂಜೆ ವಾಕಿಂಗ್ ಹೋಗುತ್ತಿದ್ದರು. ಮೇಷ್ಟ್ರು ಮುಖ ತಿರುಗಿಸಿದವರಲ್ಲ. ಹವೆಯ ಮಾತು, ಮೊಮ್ಮಕ್ಕಳ ಮಾತು ಎಲ್ಲ ನಡೆಯುತ್ತಿತ್ತು. ನಡುನಡುವೆ ಇಬ್ಬರೂ ಸುಮ್ಮನಾಗುತ್ತಿದ್ದರು. ಮೊದಲೂ ಹಾಗೆ ಸುಮ್ಮನಾದದ್ದುಂಟು, ಆದರೆ ಆಗ ಅದು ಪ್ರಭಾಕರನ ಲಕ್ಷ್ಯಕ್ಕೆ ಬರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೇಷ್ಟ್ರಿಗೆ ಹೊಸ ಪಾಸ್‌ಪೋರ್ಟು ಬಂತು. ಅದರ ಅರ್ಜಿಯನ್ನು ಮಗಳ ಜೊತೆ ಕೂತು ತಾವೇ ತುಂಬಿದ್ದರು. ಅಕ್ಟೋಬರಿನಲ್ಲಿ ಅದೇ ರೈಲಿಗೆ ಟಿಕೆಟ್ ತೆಗೆದರು.

"ನಾನೂ ಬರಲಾ?" ಪ್ರಭಾಕರ ಕೇಳಿದ.

"ಬ್ಯಾಡ್ರಿ. ಈ ಸಲ ಒಬ್ಬನ ಹೋಗಿ ಬರತೀನಿ." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು, "ಸ್ಟೇಷನ್ನಿಗೆ ಬಿಡ್ರಿ, ಸಾಕು. ಮಗಳಿಗೆ ಮುಂಜಾನೆ ಮೀಟಿಂಗ್ ಅದ."

ಪ್ರಭಾಕರ ನಸುಕಿನಲ್ಲೇ ಎದ್ದು ಡ್ರೈವ್ ಮಾಡಿಕೊಂಡು ಹೋದ. ಪ್ಲಾಟ್‌ಫಾರ್ಮಿನ ಮೇಲೆ ಚಳಿಯಿತ್ತು. ರೈಲು ಬಂದಾಗ ಮೇಷ್ಟ್ರ ಸೂಟ್‌ಕೇಸನ್ನು ತಾನೇ ಎತ್ತಿ ಒಳಗಿಟ್ಟು ಇಳಿದ. ಅವರು ಒಳಗಿನಿಂದ ಕೈ ಎತ್ತಿದರು. ರೈಲು ಹೋದ ಮೇಲೆ ಪ್ರಭಾಕರ ಕಾರಿಗೆ ಬಂದು ಕೂತ. ತಕ್ಷಣ ಸ್ಟಾರ್ಟ್ ಮಾಡಲಿಲ್ಲ. ಪಾರ್ಕಿಂಗ್ ಲಾಟು ಆಫೀಸಿಗೆ ಹೋಗುವವರ ಕಾರುಗಳಿಂದ ತುಂಬುವವರೆಗೂ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ.