ಗಾಜಿನ ಮೇಲಿನ ಅರ್ಧ ಬೆರಳು

ಬೆಲ್ಲದ ಪಾಕ ಸೀದಂಥ ವಾಸನೆ, ಡ್ಯಾಶ್‌ಬೋರ್ಡು ಕಿತ್ತ ಕೂಡಲೇ ಅದೇ ಮೊದಲು ಮೂಗಿಗೆ ಬಂತು, ಹೀಟರಿನ ಕೋರು ಸೋರಿ ಎಂಜಿನ್ ತಣಿಸುವ ಕೂಲಂಟ್ ನೀರು ಕೆಳಗಿನ ಕಾರ್ಪೆಟ್ಟಿಗೆ ಇಳಿದರೆ ಹೀಗೇ ನಾರುತ್ತದೆ, ಹದಿನೆಂಟು ವರ್ಷ ಸಂಶಿಯಲ್ಲಿ ಗ್ಯಾರೇಜು ನಡೆಸಿದ ಉಡಚಪ್ಪನಿಗೆ ಇದು ಹೊಸದಲ್ಲ, ಆದರೆ ಈ ಕಾರು ನಿಂತು ಒಂದು ವರ್ಷವಾಯಿತು, ಒಳಗಿದ್ದದ್ದೆಲ್ಲ ಒಣಗಿ ಹೋಗಿರಬೇಕು, ಇಷ್ಟು ಹಸಿಯಾಗಿ ನಾರುವಂಥದ್ದು ಏನೂ ಉಳಿದಿರಬಾರದು – ಮಳೆ ಹಿಡಿದಿದೆ, ಅದಕ್ಕೇ ಇರಬೇಕು, ತಗಡಿನ ಮೇಲೆ ಶ್ರಾವಣದ ಜಿಟಿಜಿಟಿ, ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಹಾದೇವಕ್ಕ, ಮುಂಜಾನೆಯಿಂದ ಕೂತವಳು ಕೂತೇ ಇದ್ದಾಳೆ, ಅಕ್ಕಾರ ನೀವು ಕುಬಿಹಾಳಕ್ಕ ಹೋಗ್ರಿ, ಸಂಜೀಕ ಗಾಡಿ ನಾನ ತಂದ ಬಿಡ್ತೀನಿ, ಅಂದರೆ, ಇಲ್ಲೇ ಕುಂದರ್ತೀನಪಾ, ಮನ್ಯಾಗರ ಏನೈತಿ, ಅಂದಳು. ಕೋರು ಅಂದರೆ ದೊಡ್ಡದೇನಲ್ಲ, ಅಂಗೈಯಗಲದ ಸಣ್ಣ ರೇಡಿಯೇಟರ್, ಎಂಜಿನ್ನಿನ ಬಿಸಿನೀರು ಅದರೊಳಗೆ ಹಾಯ್ದರೆ ಬಿಸಿಗಾಳಿ, ಬಿಸಿಗಾಳಿ ಬಡಿದರೆ ಮುಂದಿನ ಗಾಜಿನ ಮಬ್ಬು ಮಾಯ, ಇಷ್ಟೇ, ಇಷ್ಟಕ್ಕೆ ಇಡೀ ಡ್ಯಾಶ್‌ಬೋರ್ಡು ಬಿಚ್ಚಬೇಕು, ಒಂದು ದಿನದ ಕೆಲಸ, ಅದಕ್ಕೇ ಈ ಕಡೆ ಯಾರೂ ಹೊಸದು ಹಾಕುವುದಿಲ್ಲ, ಸೋರಿತೋ, ಬಾನೆಟ್ ಎತ್ತಿ ಕೋರಿಗೆ ಹೋಗುವ ಪೈಪು ಬರುವ ಪೈಪು ಎರಡನ್ನೂ ಕಿತ್ತು ಒಂದಕ್ಕೊಂದು ಜೋಡಿಸಿಬಿಡುವುದು, ಹತ್ತು ನಿಮಿಷ. ನಮ್ಮ ಕಡೆ ಬಿಸಲ ಸಾಲೂದಿಲ್ಲೇನ್ರಿ ಅಣ್ಣಾರ, ಹೀಟರ್ ಯಾಕ ಬೇಕು, ಹೋದ ವರ್ಷ ಉಡಚಪ್ಪ ಹೀಗಂದು ನಕ್ಕಿದ್ದ, ಮಹಾದೇವಕ್ಕನ ಗಂಡ ಶಂಭುಲಿಂಗಪ್ಪ ನಕ್ಕಿರಲಿಲ್ಲ, ದನದ ದವಾಖಾನೆಯ ಕಂಪೌಂಡರ್, ನಸುಕಿನಾಗ ಆಕಳ ಈಯೂದು ನಿನ್ನ ಬಿಸಲಿಗೆ ಕೇಳ್ಕೊಂಡೇನಲೇ, ಗ್ಲಾಸ್ ಕಾಣವಲ್ದು, ಹೊಸದು ಹಾಕು.

ಆಯ್ತ್ರಿ ಅಂದಿದ್ದ, ಹಾಕುವ ಮನಸ್ಸೂ ಇತ್ತು, ಆದರೆ ಬಿತ್ತಿಗೆಯ ದಿನಗಳು, ಬಾಗಿಲಲ್ಲಿ ಮೂರು ಟ್ರ್ಯಾಕ್ಟರು, ಎಲ್ಲರಿಗೂ ಇವತ್ತೇ ಬೇಕು – ಒಂದು ಗೇಣು ಕಬ್ಬಿಣದ ನಳಿಗೆ, ಎರಡೂ ಪೈಪನ್ನು ಅದಕ್ಕೆ ಸಿಗಿಸಿದ, ಸೋರದ ಹಾಗೆ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ, ಹಾಕೇನ್ರಿ ಅಂದ. ಬಿಚ್ಚಿದ ಹಳೆಯ ಸಾಮಾನನ್ನು ಗಿರಾಕಿಯ ಕೈಗಿಡುವುದು ಪದ್ಧತಿ, ಕೊಡದಿದ್ದರೆ ಅನುಮಾನ, ಗುಜರಿಯ ರಾಶಿಯಿಂದ ಬೇರೆ ಯಾವುದೋ ಗಾಡಿಯ ತೂತುಬಿದ್ದ ಕೋರನ್ನು ಎತ್ತಿ, ಒರೆಸಿ, ಕೊಟ್ಟ, ಅದನ್ನು ತೆಗೆದುಕೊಂಡದ್ದು ಶಂಭುಲಿಂಗಪ್ಪನ ಎಡಗೈ, ನಡುಬೆರಳು ಅರ್ಧವೇ, ಮೇವು ಕತ್ತರಿಸುವ ಯಂತ್ರಕ್ಕೆ ಎಂದೋ ಹೋದ ಬೆರಳು. ವಾರದ ಮೇಲೆ ಮತ್ತೆ ಬಂದಿದ್ದ, ಗಾಳಿ ತಣ್ಣಗ ಬರ್ತೈತಲ್ಲೋ ಉಡಚ್ಯಾ, ಎಂಜಿನ್ ಕಾಯಬೇಕ್ರಿ ಅಣ್ಣಾರ, ಕಾದ ಮ್ಯಾಲ ಬರ್ತೈತಿ, ಹೌದೇನು, ನೀ ಅಂದ್ರ ಹೌದು ಬಿಡು, ಅಂದು ಹೋದ. ನೀ ಅಂದ್ರ ಹೌದು. ಶ್ರಾವಣದಲ್ಲಿ ಕುಬಿಹಾಳ ದಾರಿಯ ಹಳ್ಳ, ತಡೆಗೋಡೆ ಇಲ್ಲದ ಸೇತುವೆ, ಬೆಳಗಿನ ಆರೂವರೆ, ಗಾಡಿ ಹಳ್ಳಕ್ಕೆ ಬಿದ್ದು ಶಂಭುಲಿಂಗಪ್ಪ ಅಲ್ಲೇ ತೀರಿಕೊಂಡಿದ್ದ, ಸ್ಟೇರಿಂಗಿಗೆ ಎದೆ ಬಡಿದಿತ್ತು, ನೀರು ಸೀಟಿನ ಮಟ್ಟಕ್ಕೆ ನಿಂತಿತ್ತು, ಗಾಜಿಗೆ ಮಾತ್ರ ಒಂದು ಗೀರಿಲ್ಲ. ಗಾಡಿ ಎಳೆದು ತಂದವನೂ ಉಡಚಪ್ಪನೇ, ಎಂಜಿನ್ ಒಣಗಿಸಿದವನೂ ಅವನೇ, ಆಗಲೂ ನಳಿಗೆಯನ್ನು ಮುಟ್ಟಲಿಲ್ಲ, ಮುಟ್ಟಿದರೆ ಅದು ಇದೆ ಎಂದು ಒಪ್ಪಿದಂತೆ. ಆಗಲೇ ಮೊದಲು ಕಂಡದ್ದು, ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ, ಮಳೆಗೆ ಗಾಜು ಮಬ್ಬಾಯಿತು, ಮಬ್ಬಿನ ನಡುವೆ ಒಂದು ಅಂಗೈಯಷ್ಟು ಜಾಗ ಮಬ್ಬಾಗಲಿಲ್ಲ. ಎಣ್ಣೆಗೈ ಹತ್ತಿದ ಗಾಜಿನಲ್ಲಿ ಹೀಗಾಗುತ್ತದೆ, ಗೊತ್ತಿದ್ದದ್ದೇ, ಸೋಪು ಹಚ್ಚಿ ತೊಳೆದ, ಸೀಮೆಎಣ್ಣೆ ಹಚ್ಚಿ ತೊಳೆದ, ಪೇಪರಿನಿಂದ ತಿಕ್ಕಿದ, ಮರುದಿನ ಮತ್ತೆ ಮಳೆ, ಮತ್ತೆ ಅಲ್ಲೇ, ಹೆಬ್ಬೆರಳು ಬಲಕ್ಕೆ, ಒಳಗಿನಿಂದ ಒತ್ತಿದ ಎಡಗೈ, ನಾಲ್ಕು ಬೆರಳು ಪೂರ್ತಿ, ನಡುವಿನದು ಅರ್ಧ.

ಮುಗೀತೇನೋ, ಮಹಾದೇವಕ್ಕ ಕುರ್ಚಿಯಿಂದ ಎದ್ದಳು, ಮುಗೀಲಿಕ್ಕೆ ಬಂತ್ರಿ, ಹೊಸ ಕೋರು ಒಳಗೆ ಕೂತಿತು, ಪೈಪಿನ ಕ್ಲಿಪ್ಪು ಬಿಗಿಯಾಯಿತು, ನಳಿಗೆ ಬೆಳಿಗ್ಗೆಯೇ ಅವನ ಪ್ಯಾಂಟಿನ ಕಿಸೆಗೆ ಹೋಗಿದೆ, ಕೂತರೆ ತೊಡೆಗೆ ಒತ್ತುತ್ತದೆ, ಬಿಚ್ಚಿದ ಹಳೆಯ ಕೋರು ಬೆಂಚಿನ ಮೇಲೆ, ಹಸಿರು ಕಿಲುಬು, ಅವಳು ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸುತ್ತಾಳೆ, ಹೋದ ವರ್ಷ ನೀ ಕೊಟ್ಟದ್ದೂ ಮನ್ಯಾಗೈತಿ, ಅವ್ರು ಒಂದೂ ಒಗೀತಿದ್ದಿಲ್ಲ, ಅಡಗಿಮನಿ ಅಟ್ಟದ ಮ್ಯಾಲ ಪೇಪರಿನ್ಯಾಗ ಸುತ್ತಿಟ್ಟಾರ, ಇದನ್ನೂ ಅದರ ಬಾಜೂಕ ಇಡ್ತೀನಿ. ಬಾಜೂಕ ಇಟ್ಟರೆ ಒಂದು ಉದ್ದ, ಒಂದು ಗಿಡ್ಡ, ಎರಡು ಬೇರೆ ಗಾಡಿಯವು, ಕುರುಡರಿಗೂ ಗೊತ್ತಾಗುತ್ತದೆ. ಇಟ್ಟೇನ್ ಮಾಡ್ತೀರಿ ಅಕ್ಕಾರ, ಗುಜರಿಗೆ ಒಗೀರಿ. ಅವಳು ಒಗೆಯುವುದಿಲ್ಲ. ಮಗಳು ಅಮೃತಾ ಕುಂದಗೋಳ ಸಾಲಿಗೆ ಟೀಚರಾಗಿ ಹೊಕ್ಕಾಳ, ಈ ಗಾಡೀನ ಬೇಕಂತ ಹಟ ಹಿಡದಾಳ, ಅದಕ್ಕ ಹಳ್ಳದ ನೀರಾಗ ಕೆಟ್ಟ ಹೀಟರ್ ಸರಿ ಮಾಡು ಅಂದೆ, ಇಲ್ಲಾಂದ್ರ ನಾ ಇದನ್ನ ಕಣ್ಣೆತ್ತಿ ನೋಡ್ತಿದ್ದಿಲ್ಲ – ಆವತ್ತ ನಾನ ಫೋನ್ ಹಚ್ಚಿದ್ದೆ, ಗ್ಲಾಸ್ ಮಬ್ಬಾಗೇತಿ, ಬಿಸಿ ಗಾಳಿ ಬರವಲ್ದು ಅಂದ್ರು, ಹೊಸದು ಹಾಕ್ಸೀರಲ್ಲ, ನಿಮಗ ಹೀಟರಿನ ಗುಂಡಿ ತಿರುವಾಕ ಬರೂದಿಲ್ಲ, ಸರೀ ತಿರುವ್ರಿ ಅಂತ ಬೈದೆ, ಅದನ್ನ ತಿರುವಾಕ ಹೋಗಿ ಹಳ್ಳ ನೋಡಲಿಲ್ಲ ಅವ್ರು, ನಾನ ತಿರುವಿಸಿದ್ದು. ಯಾರಿಗೂ ಹೇಳಿಲ್ಲ, ನಿನಗ ಹೇಳಾಕತ್ತೀನಿ ನೋಡು. ಅಳಲಿಲ್ಲ, ಹೇಳಿ ಮುಗಿಸಿದಳು ಅಷ್ಟೇ, ಒಂದು ವರ್ಷದಿಂದ ಇದನ್ನೇ ಹೊತ್ತುಕೊಂಡು ಕೂತವಳು, ಅದು ಅವಳದಲ್ಲ, ಅವನ ಕಿಸೆಯಲ್ಲಿದೆ, ಒಂದು ಮಾತು ಸಾಕು, ಬಾಯಿಗೆ ಬರುವುದು ಚಾಲೂ ಮಾಡ್ತೀನಿ ನೋಡ್ರಿ, ಅಷ್ಟೇ.

ಅವಳೂ ಬಂದು ಬಾಜೂ ಸೀಟಿನಲ್ಲಿ ಕೂತಳು, ಕೋರು ಮಡಿಲಲ್ಲಿ, ಬಾಗಿಲು ಮುಚ್ಚಿದಳು, ಎಂಜಿನ್ ಕಾಯಲು ಹತ್ತು ನಿಮಿಷ, ಅವನ ಉಸಿರು, ಅವಳ ಉಸಿರು, ಒದ್ದೆ ಬಟ್ಟೆ, ಗಾಜು ಅಂಚಿನಿಂದ ಮಬ್ಬಾಗುತ್ತಾ ಬಂತು, ನೋಡಬೇಡ್ರಿ ಎನ್ನಬೇಕು, ಆಚೆ ನೋಡ್ರಿ ಎನ್ನಬೇಕು, ಅಷ್ಟರಲ್ಲಿ ಅದು ಬಂದಿತು, ಹೆಬ್ಬೆರಳು, ಅಂಗೈ, ಅರ್ಧ ಬೆರಳು, ಅವಳ ಉಸಿರು ನಿಂತದ್ದು ಅವನಿಗೆ ಕೇಳಿತು. ಅವನು ಗಡಬಡಿಸಿ ತಿರುವಿದ, ಬಿಸಿಗಾಳಿ ಭರ್ರನೆ ಬಂತು, ಒಂದು ವರ್ಷದ ಮೇಲೆ ಮೊದಲ ಸಲ ಈ ಗಾಡಿಯಲ್ಲಿ ಬಿಸಿಗಾಳಿ, ಮಬ್ಬು ಕೆಳಗಿನಿಂದ ಕರಗಿತು, ಕೈ ಹೋಯಿತು, ಆಚೆ ರಸ್ತೆ, ಮಳೆ, ನೆನೆಯುತ್ತ ನಿಂತ ಎಮ್ಮೆ. ಬಂದ್ ಮಾಡು, ಅಂದಳು. ಅಕ್ಕಾರ. ಬಂದ್ ಮಾಡಂದ್ರ ಮಾಡೋ. ಮಾಡಿದ. ಕಾದರು. ಬಂದಿತು. ಹಚ್ಚು. ಹೋಯಿತು. ಬಂದ್ ಮಾಡು. ಈ ಸಲ ಅದು ಬೇಗ ಬಂದಿತು, ಅಥವಾ ಅವನಿಗೆ ಹಾಗನಿಸಿತು, ತಿರುವಾಕ ಹೋಗಿದ್ದಿಲ್ಲ ಅವ್ರು, ಅವಳು ಮೆಲ್ಲಗೆ ಅಂದಳು, ಒರೆಸಾಕ ಹೋಗ್ಯಾರ, ಯಾಕ ಒರೆಸಿದ್ರು, ಹೊಸದು ಇತ್ತಲ್ಲ, ಇತ್ತಲ್ಲೋ ಉಡಚಪ್ಪ – ಅವನ ಕೈ ಕಿಸೆಗೆ ಹೋಗಿದೆ, ಯಾವಾಗ ಹೋಯಿತೋ, ನಳಿಗೆ ಮೈಯ ಬಿಸಿಗೆ ಬಿಸಿಯಾಗಿದೆ, ಟ್ಯೂಬಿನ ಪಟ್ಟಿ ಬೆರಳಿಗೆ ಅಂಟುತ್ತದೆ, ತೆಗೆದು ಗಾಜಿನ ಕೆಳಗೆ ಇಟ್ಟ, ಇದ ಇತ್ರಿ, ಪೈಪ್ ಕೂಡಿಸಿದ್ದೆ, ಹೊಸದು ಹಾಕಿದ್ದಿಲ್ಲ, ಹಾಕೇನಿ ಅಂದಿದ್ದೆ, ಅವಳು ನಳಿಗೆಯನ್ನು ನೋಡಿದಳು, ಮಡಿಲಿನ ಕೋರನ್ನು ನೋಡಿದಳು, ಅವನನ್ನು ನೋಡಲಿಲ್ಲ, ಬೈಯಲಿ, ಹೊಡೆಯಲಿ, ಏನಾದರೂ ಅನ್ನಲಿ, ಹಚ್ಚು ಅನ್ನಲಿ, ಗಾಜು ಮೂಲೆಮೂಲೆಗೂ ಬೆಳ್ಳಗಾಗಿದೆ, ರಸ್ತೆಯಿಲ್ಲ, ಮಳೆಯಿಲ್ಲ, ತಿರುವಬೇಕು, ಕೈ ಏಳುವುದಿಲ್ಲ, ಬೆಳ್ಳಗಿನ ನಡುವೆ ಹೆಬ್ಬೆರಳು ಬಲಕ್ಕೆ, ನಾಲ್ಕು ಬೆರಳು ಪೂರ್ತಿ, ನಡುವಿನದು ಅರ್ಧ, ನಡುವಿನದು ಅರ್ಧ