ಮುಂದಿನ ಸೀಟಿನಾಕಿ

ಕೌದಿಯ ಒಂದು ಮೂಲೆ ಶೆಡ್ಡಿನಲ್ಲಿದ್ದ ಕಾರಿನ ಬಂಪರಿಗೆ ಸಿಕ್ಕಿಕೊಂಡಿತ್ತು. ಗುಂಡವ್ವ ಅದನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು. ಹತ್ತು ಹೆಜ್ಜೆ ಆಚೆಗೆ, ಮನೆಯ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡ್ರಿಸಿದ್ದ ಅವಳ ಗಂಡನ ಕೊರಳಿಗೆ ಜನ ಒಬ್ಬೊಬ್ಬರಾಗಿ ಹಾರ ಹಾಕುತ್ತಿದ್ದರು.

"ಅವ್ವಾ, ಏನ್ ಮಾಡಾಕತ್ತಿ?" ಮಗ ಅನಿಲಕುಮಾರ ಓಡಿ ಬಂದ. ಬಸವನ ಬಾಗೇವಾಡಿಯಲ್ಲಿ ಮಾಸ್ತರನಾಗಿದ್ದ ಅವನು ಅಪ್ಪ ತೀರಿಕೊಂಡ ಸುದ್ದಿ ತಿಳಿದು ಬೆಳಕು ಹರಿಯುವಷ್ಟರಲ್ಲಿ ತನ್ನೂರು ತಾಂಬಾ ಮುಟ್ಟಿದ್ದ. "ಜನಾ ನೋಡಾಕತ್ತಾರ."

"ನೋಡ್ಲಿ. ಕೌದಿ ನಾ ಹೊಲದದ್ದು. ಗಾಡಿ ಕೂಡ ಇದನ್ನೂ ಕೊಡಬೇಕೇನು?"

"ಗಾಡಿ ಕೊಡೂ ಮಾತು ಇವತ್ತ ಯಾಕ?"

"ಇವತ್ತ. ಅವರನ್ನ ಎತ್ತೂದ್ರಾಗ ಇದೂ ಅಂಗಳ ಬಿಡಬೇಕು. ಇಬ್ಬರೂ ಕೂಡೇ ಹೋಗ್ಲಿ."

ಅನಿಲಕುಮಾರ ಬೇವಿನ ಗಿಡದ ಕಡೆ ನೋಡಿದ. ಅಲ್ಲಿ ಇಂಡಿಯ ರಾವಸಾಬ ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ಮದುವೆ ಮೆರವಣಿಗೆಗೆ ಹಳೇ ಕಾರು ಬಾಡಿಗೆಗೆ ಕೊಡುವವನು. ಕೊಳ್ಳಲೆಂದು ಎರಡು ವರ್ಷದಿಂದ ಈ ಫಿಯಾಟ್ ಕಾರಿನ ಬೆನ್ನು ಹತ್ತಿದ್ದ. ಬಂದಾಗಲೆಲ್ಲ ಗುಂಡವ್ವನ ಗಂಡ ಹಣಮಂತ್ರಾಯ ಚಹಾ ಕುಡಿಸಿ ಕಳಿಸಿಬಿಡುತ್ತಿದ್ದ. ಈ ದಿನ ಅವನನ್ನು ಫೋನ್ ಮಾಡಿ ಕರೆಸಿದವಳು ಗುಂಡವ್ವ.

"ಅಪ್ಪ ಈ ಗಾಡಿನ ಹ್ಯಾಂಗ ಇಟ್ಟಿದ್ದ ನಿನಗ ಗೊತ್ತಿಲ್ಲೇನು?" ಅಂದ ಅನಿಲಕುಮಾರ.

"ನನಗ ಗೊತ್ತಿಲ್ದ ಮತ್ತ್ಯಾರಿಗೆ ಗೊತ್ತೈತಿ?" ಎಂದು ಅವಳು ಕೌದಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಹೊಸ ಅಳು ಎದ್ದಿತು. ಪಕ್ಕದ ಮನೆಯ ಮಗಳು ಪಲ್ಲವಿ ಗಂಡನ ಊರು ಕನ್ನೊಳ್ಳಿಯಿಂದ ಬಂದು ಹೆಣದ ಕಾಲ ಮೇಲೆ ಬಿದ್ದು, ಹಾಡಿಕೊಂಡು ಅಳುತ್ತಿದ್ದಳು. "ಯಪ್ಪಾ ದೊಡ್ಡಪ್ಪಾ, ಹೂವಿನ ಗಾಡ್ಯಾಗ ಕುಂಡ್ರಿಸಿ ಗಂಡನ ಮನಿ ಮುಟ್ಟಿಸಿದ್ಯಲ್ಲೋ, ಇನ್ನ ಯಾರ ಗಾಡಿ ಏರಲೋ ನನ್ನಪ್ಪಾ..."

ಮುಂಜಾನೆಯಿಂದ ಹಾಗೆ ಅತ್ತವರಲ್ಲಿ ಇವಳು ನಾಲ್ಕನೆಯವಳು. ನಾಲ್ವರೂ ಮದುಮಗಳಾಗಿ ಆ ಕಾರಿನಲ್ಲೇ ಊರು ದಾಟಿದವರು. ಒಬ್ಬೊಬ್ಬಳ ಅಳುವಿನಲ್ಲೂ ಗಾಡಿ ಬರುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ಗುಂಡವ್ವನ ಕಣ್ಣು ಒಣಗಿತ್ತು. ಗಂಡ ಸತ್ತ ಮನೆಯಲ್ಲಿ ಹೆಂಡತಿ ಏನೆಂದು ಹಾಡಿ ಅಳಬೇಕು? ಅವಳ ಹತ್ತಿರ ಹೇಳಿಕೊಳ್ಳಲು ಒಂದು ಸವಾರಿಯೂ ಇರಲಿಲ್ಲ. ಇದ್ದದ್ದು ಒಂದೇ. ಅದು ಹೇಳಿಕೊಳ್ಳುವಂಥದ್ದಲ್ಲ.

*

ಹಣಮಂತ್ರಾಯ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಊರವರನ್ನೆಲ್ಲ ಹೊತ್ತು ತಿರುಗಿದ. ನಿವೃತ್ತಿಯಾದ ತಿಂಗಳೇ ಸಿಂದಗಿಯ ಡಾಕ್ಟರರೊಬ್ಬರ ಹಳೇ ಫಿಯಾಟ್ ತಂದು ಅಂಗಳದಲ್ಲಿ ನಿಲ್ಲಿಸಿದ. ಕೆನೆಬಣ್ಣದ್ದು. ಮರುದಿನ ಮುಂದಿನ ಬಾಗಿಲು ತೆಗೆದು ನಿಂತು, "ಬಾ" ಅಂದ. ಹೆಸರು ಹಿಡಿದು ಕರೆಯಲಿಲ್ಲ. ಆ ಮನೆಯಲ್ಲಿ ಗಂಡ ಹೆಂಡತಿಯ ಹೆಸರನ್ನಾಗಲಿ, ಹೆಂಡತಿ ಗಂಡನ ಹೆಸರನ್ನಾಗಲಿ ಎತ್ತುವ ರೂಢಿಯೇ ಇರಲಿಲ್ಲ. ಅವಳಿಗೆ ಅವನು 'ಅವರು'. ಅವನಿಗೆ ಅವಳು 'ಅಕಿ'.

ಗುಂಡವ್ವ ಇಳಕಲ್ ಸೀರೆ ಉಟ್ಟು ಕೂತಳು. ಊರು ದಾಟುವವರೆಗೆ ಕತ್ತು ನೆಟ್ಟಗೆ ಇತ್ತು. ಹಳ್ಳದ ಸೇತುವೆ ಬರುವಷ್ಟರಲ್ಲಿ ಪೆಟ್ರೋಲ್ ವಾಸನೆ ನೆತ್ತಿಗೇರಿತು. ಕಿಟಕಿಯ ಗಾಜು ಇಳಿಯಲಿಲ್ಲ. ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಸೀಟಿನ ಮೇಲೆಲ್ಲ ವಾಂತಿಯಾಯಿತು.

ಅವನು ಗಾಡಿ ನಿಲ್ಲಿಸಿದ. ತನ್ನ ಟವೆಲ್ಲಿನಿಂದಲೇ ಒರೆಸಿದ. ಒಂದು ಮಾತೂ ಆಡದೆ ಗಾಡಿಯನ್ನು ಮನೆಯ ಕಡೆ ಹೊಳ್ಳಿಸಿದ. ಬೈದಿದ್ದರೂ ಆಗುತ್ತಿತ್ತು. ಆ ಮೌನ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅವನು ಮತ್ತೆ ಕರೆಯಲಿಲ್ಲ. ಕರೆಯದೆ ಹೋಗುವವಳು ಅವಳಲ್ಲ. ಹದಿನಾರು ವರ್ಷ ಹಾಗೇ ಹೋಯಿತು.

ಕಾರು ತಗಡಿನ ಶೆಡ್ಡಿನಲ್ಲಿ ನಿಂತೇ ಇರುತ್ತಿತ್ತು. ಪ್ರತಿ ಐತವಾರ ಅವನು ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಅಂಗಳದವರೆಗೆ ತಂದು ಮತ್ತೆ ಒಳಗೆ ಇಡುತ್ತಿದ್ದ. ವರ್ಷಕ್ಕೊಂದು ಸಲ ಊರಿನ ಯಾವುದೋ ಹುಡುಗಿಯ ಮದುವೆಗೆ ಹೂ ಕಟ್ಟಿಸಿ ಹೊರಗೆ ತೆಗೆಯುತ್ತಿದ್ದ. ಪಲ್ಲವಿಯ ಮದುವೆಯಲ್ಲಿ ಗುಂಡವ್ವ ಟೆಂಪೋದಲ್ಲಿ ಕೊಡ ಹಂಡೆಗಳ ನಡುವೆ ಕೂತು, ಮುಂದೆ ಹೋಗುವ ಹೂವಿನ ಗಾಡಿಯ ಬೆನ್ನು ನೋಡುತ್ತ ಕನ್ನೊಳ್ಳಿಯವರೆಗೆ ಹೋಗಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಇಂಡಿಯ ದವಾಖಾನೆಗೂ ಬಸ್ಸಿನಲ್ಲೇ ಹೋದಳು. ತನ್ನ ಹಳೇ ಸೀರೆಗಳನ್ನೆಲ್ಲ ಕತ್ತರಿಸಿ ನಾಲ್ಕು ತಿಂಗಳು ಕೂತು ಕೌದಿ ಹೊಲಿದಾಗ, "ಚೊಲೊ ಆಗೇತಿ" ಅಂದವನು ಮರುದಿನ ಅದನ್ನು ಕಾರಿನ ಮೇಲೆ ಹೊದಿಸಿದ್ದ.

ಅಂದಿನಿಂದ ಮನಸ್ಸಿನಲ್ಲೇ ಅದಕ್ಕೆ ಸವತಿ ಎಂದು ಹೆಸರಿಟ್ಟಳು.

ಹಿಂದಿನ ತಿಂಗಳು ಚಹಾ ಕೊಡಲು ಹೋದಾಗ ಅವನು ಶೆಡ್ಡಿನಲ್ಲಿ ಬೆನ್ನು ಮಾಡಿ ಕೂತು, ಸಿಂದಗಿಯ ಗಾಡಿ ರಿಪೇರಿ ಮೇಸ್ತ್ರಿ ಮಂಜೂರನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. "ಅಕಿಗೆ ವಯಸ್ಸಾತೋ ಮಂಜೂರ. ದೂರ ಕರಕೊಂಡು ಹೋಗಾಕ ನನಗ ಧೈರ್ಯ ಸಾಲವಲ್ದು. ನಡದಾರ್ಯಾಗ ಏನರ ಆದ್ರ? ಅಕಿ ಬಾಯಿ ಬಿಟ್ಟು ಹೇಳೂದಿಲ್ಲ. ನಾವ ತಿಳ್ಕೋಬೇಕು."

ತಗಡಿನ ಗಾಡಿಗೂ ಅಕಿ ಅನ್ನುವಷ್ಟು ಅಂತಃಕರಣ. ಗುಂಡವ್ವ ಚಹಾವನ್ನು ಹಾಗೇ ಒಯ್ದು ಗಟಾರಕ್ಕೆ ಚೆಲ್ಲಿದ್ದಳು.

*

"ಅಕ್ಕಾರ," ರಾವಸಾಬ ಹಾರ ಹಾಕಿ ಬಂದು, ಕಾರಿನ ಎಡಬಾಗಿಲು ತೆಗೆದು ನಿಂತಿದ್ದ. "ಮುಂದಿನ ಸೀಟ ಎಲ್ಲೈತ್ರಿ?"

ಗುಂಡವ್ವ ಬಗ್ಗಿ ನೋಡಿದಳು. ಡ್ರೈವರನ ಸೀಟು ಇತ್ತು. ಅದರ ಪಕ್ಕ ಬರೀ ತಗಡು, ನಾಲ್ಕು ಬೋಲ್ಟಿನ ತೂತು.

"ಮುಂದಿನ ಹಲ್ಲು ಉದುರಿದಂಗ ಕಾಣ್ತೈತಲ್ರಿ," ಅಂದ ರಾವಸಾಬ. "ಮದುಮಕ್ಕಳ ಗಾಡಿಗೆ ಹಿಂಗಾದ್ರ ಹ್ಯಾಂಗ?"

"ನನಗ ಗೊತ್ತಿಲ್ಲ. ನಾ ಅದರ ಬಾಗಲಾ ತಗದಾಕಿ ಅಲ್ಲ."

ಹೊರಗೆ ಟಂಟಂ ಆಟೋ ಒಂದು ನಿಂತಿತು. ಇಳಿದವನು ಮಂಜೂರ. ಎದೆಗೆ ಅವಚಿಕೊಂಡಿದ್ದ ಕಾರಿನ ಸೀಟನ್ನು ಗೇಟಿನ ಹತ್ತಿರ ಮೆಲ್ಲಗೆ ಇಟ್ಟು, ಹೋಗಿ ಹಣಮಂತ್ರಾಯನ ಪಾದ ಹಿಡಿದುಕೊಂಡು ಬಹಳ ಹೊತ್ತು ಕೂತ. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಗುಂಡವ್ವನ ಹತ್ತಿರ ಬಂದ.

"ಕಾಕಿ, ಸೀಟ ತಂದೇನ್ರಿ. ನಾಳಿ ಐತವಾರ ಕೂಡಸ್ತೇನಿ ಅಂದಿದ್ದೆ. ತಡಾ ಆತು."

"ನಿನ್ನ ಹಂತೇಕ ಯಾವಾಗ ಹೋಗಿತ್ತದು?"

"ನೀವು ದವಾಖಾನಿಗೆ ಹೋದ ದಿನಾ ಬಂದು ಬಿಚ್ಚಿಕೊಂಡು ಹೋಗಿದ್ದೆ. ನಿಮಗ ಗೊತ್ತಾಗಬಾರ್ದು ಅಂದಿದ್ರು ಕಾಕಾ."

"ಗೊತ್ತಾದ್ರ ನಾ ಏನು ತಿಂತಿದ್ನೇನು? ಆ ಗಾಡಿಗೆ ಇನ್ನ ಎಷ್ಟು ಸಿಂಗಾರಾ ಮಾಡಾವ್ರಿದ್ರಿ ಇಬ್ಬರೂ ಕೂಡಿ?"

"ಗಾಡಿಗಲ್ರಿ." ಮಂಜೂರ ಗಲಿಬಿಲಿಗೊಂಡ. "ಕಾಕಾ ಹೇಳಿದ್ರು, ಅಕಿ ಮೊಣಕಾಲು ಮಡಚೂದಿಲ್ಲ, ಸೀಟ ನಾಕು ಬೊಟ್ಟು ಎತ್ತರ ಮಾಡು, ಸ್ವಲ್ಪ ಹಿಂದ ಸರಸು ಅಂತ. ಎಡಗಡಿ ಕಿಡಕಿ ಪೂರಾ ಇಳೀಬೇಕು, ಅಕಿಗೆ ಪೆಟ್ರೋಲ್ ವಾಸನಿ ತಡ್ಯಾಂಗಿಲ್ಲ ಅಂತ. ಕಿಡಕಿ ಅವತ್ತ ರಿಪೇರಿ ಮಾಡೀನಿ."

"ಅಕಿ ಯಾರು?"

ಮಂಜೂರ ಅನಿಲಕುಮಾರನ ಮುಖ ನೋಡಿದ, ಮತ್ತೆ ಅವಳ ಮುಖ ನೋಡಿದ. "ನೀವಲ್ರಿ ಕಾಕಿ. ಮತ್ತ್ಯಾರು? ಕಾಕಾ ಗಾಡಿಗೆ ಎಂದೂ ಅಕಿ ಅಂದವರಲ್ಲ. ಗಾಡಿಗೆ ಗಾಡಿ ಅಂತಿದ್ರು."

ಗುಂಡವ್ವನ ಕೈ ಹೆಗಲ ಮೇಲಿನ ಕೌದಿಯನ್ನು ಹಿಡಿದುಕೊಂಡಿತು. ಅಕಿಗೆ ವಯಸ್ಸಾತು. ಅಕಿ ಬಾಯಿ ಬಿಟ್ಟು ಹೇಳೂದಿಲ್ಲ. ಗಟಾರಕ್ಕೆ ಚೆಲ್ಲಿದ ಚಹಾದ ಬಣ್ಣ ಕಣ್ಣ ಮುಂದೆ ಬಂತು.

"ಎಲ್ಲಿಗೆ ಕರಕೊಂಡು ಹೋಗಾವ್ರಿದ್ರು?" ಎಂದು ಕೇಳಿದಳು.

"ಆಲಮಟ್ಟಿ ಡ್ಯಾಮಿಗಿ. ಇಷ್ಟು ವರ್ಷ ಆತು, ಅಕಿ ಒಮ್ಮೆನೂ ಆ ನೀರು ನೋಡಿಲ್ಲ ಅಂತಿದ್ರು. ಮೊದಲನೇ ದಿನ ಗಾಡ್ಯಾಗ ನಿಮಗ ತ್ರಾಸ ಆತಂತಲ್ರಿ, ಅದ ಅವರಿಗೆ ಮನಸಿಗೆ ಹತ್ತಿತ್ತು. ಗಾಜು ನೋಡ್ಕೊಳ್ದ ಕರಕೊಂಡು ಹೋದೆ, ನಂದ ತಪ್ಪು ಅಂತಿದ್ರು. ಮತ್ತ ಕರದ್ರ ಒಲ್ಲೆ ಅಂದಾಳು ಅಂತ ಅಂಜತಿದ್ರು."

"ಅದನ್ನೂ ನಿನಗ ಹೇಳ್ಯಾರ?"

"ಐತವಾರಕ್ಕೊಮ್ಮೆ ಫೋನ್ ಮಾಡ್ತಿದ್ರಲ್ರಿ."

"ಹದಿನಾರು ವರ್ಷದ ಐತವಾರ," ಅಂದಳು ಗುಂಡವ್ವ. "ನನ್ನ ಮಾತು ನನ್ನ ಮುಂದ ಆಡಾಕ ಆಗಲಿಲ್ಲ, ನಿನ್ನ ಮುಂದ ಆಡ್ಯಾರ."

ಇಷ್ಟು ವರ್ಷ ಕಾರನ್ನು ನೋಡಿದ ಕಣ್ಣಿನಿಂದಲೇ ಈಗ ಅವಳು ಮಂಜೂರನ ಎಣ್ಣೆಗಪ್ಪಿನ ಕೈಗಳನ್ನು ನೋಡಿದಳು. ಅವನು ತಲೆ ತಗ್ಗಿಸಿದ.

"ಅಕ್ಕಾರ, ಸೀಟ ಅಂತೂ ಬಂತು," ರಾವಸಾಬ ಕೆಮ್ಮಿದ. "ಮಾತು ಮುಗಸಿ ಬಿಡೂಣೇನ್ರಿ?"

ಅವಳು ಗೇಟಿನ ಹತ್ತಿರದ ಸೀಟನ್ನೇ ನೋಡುತ್ತಿದ್ದಳು.

"ಕಾಕಿ," ಮಂಜೂರ ಮೆಲ್ಲಗೆ ಅಂದ, "ಕಾಕಾನ್ನ ಎತ್ತೂದ್ರಾಗ ಇದನ್ನ ಕೂಡಿಸಿ ಬಿಡ್ತೇನ್ರಿ. ಅವರ ಕಣ್ಣ ಮುಂದ ಕೂಡಸ್ತೇನಿ ಅಂತ ಮಾತು ಕೊಟ್ಟಿದ್ದೆ. ನಾಕ ಬೋಲ್ಟ ಅದಾವ."

ಹಿರಿಯರಲ್ಲಿ ಒಬ್ಬರು "ಹೊತ್ತು ಏರಾಕತ್ತೈತಿ, ಇದೇನು ಆಟ" ಎಂದು ಗೊಣಗಿದರು. ಅನಿಲಕುಮಾರ ತಾಯಿಯ ಕಡೆ ನೋಡಿದ. ಅವಳು ಬೇಡ ಅನ್ನಲಿಲ್ಲ. ಮಂಜೂರ ಶೆಡ್ಡಿನೊಳಗೆ ಕಾರಿನಡಿ ಅಂಗಾತ ಮಲಗಿ ಬೋಲ್ಟಿಗೆ ಪಾನಾ ಹಾಕಿ ತಿರುಗಿಸತೊಡಗಿದ. ಹಲಗೆ ವಾದ್ಯದವರು ಬಡಿಯುವುದನ್ನು ನಿಲ್ಲಿಸಿ ಕಾದರು. ಕಟ್ಟೆಯ ಮೇಲೆ ಹಾರದ ರಾಶಿಯಲ್ಲಿ ಮುಳುಗಿದ ಹಣಮಂತ್ರಾಯನ ಮುಖ ಶೆಡ್ಡಿನ ಕಡೆಗೇ ಇತ್ತು. ಅಂಗಳದಲ್ಲಿ ಕಬ್ಬಿಣ ಬಿಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

*

ಹೆಣ ಎತ್ತಿದಾಗ ಮುಂದಿನ ಹೆಗಲು ಅನಿಲಕುಮಾರನದು, ಹಿಂದಿನದು ಮಂಜೂರನದು. ಹೆಂಗಸರು ಊರ ಅಗಸಿ ಬಾಗಿಲವರೆಗೆ ಹೋದರು. ಮೊಣಕಾಲು ನೋವಿನ ಗುಂಡವ್ವ ಗೇಟಿನಲ್ಲೇ ನಿಂತಳು.

ಹೊಲದಲ್ಲಿ ಮಣ್ಣು ಮಾಡಿ ಗಂಡಸರು ಹೊಳ್ಳಿ ಬಂದಾಗ ಬಿಸಿಲು ಇಳಿದಿತ್ತು. ಕಾಲು ತೊಳೆದುಕೊಳ್ಳುತ್ತ ಅನಿಲಕುಮಾರ ಮನೆಯಲ್ಲಿ ತಾಯಿಯನ್ನು ಹುಡುಕಿದ. ಅವಳು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪಾದ ಊರಿತ್ತು, ಮೊಣಕಾಲು ಆರಾಮಾಗಿ ನಿಂತಿತ್ತು. ಎಡಗಡೆಯ ಗಾಜು ಪೂರ್ತಿ ಇಳಿದಿತ್ತು. ಮುಖ ತೊಯ್ದಿತ್ತು. ಕಾರಿನ ಕೀಲಿ ಸೆರಗಿನ ತುದಿಯ ಗಂಟಿನಲ್ಲಿತ್ತು.

ರಾವಸಾಬ ಆ ಗಂಟನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು, ಅನಿಲಕುಮಾರನಿಗೆ ಕೈ ಮುಗಿದು ಹೊರಟ.

ಪಲ್ಲವಿ ಚಹಾದ ಲೋಟ ತಂದು ಕಿಟಕಿಯಲ್ಲಿ ಕೊಟ್ಟಳು. ಮುದುಕಿ ಒಬ್ಬಳೇ ಕೂತಿದ್ದಾಳೆಂದು ಮರುಗಿ, ಸುತ್ತು ಬಂದು ಡ್ರೈವರನ ಬಾಗಿಲು ತೆಗೆದಳು.

"ದೊಡ್ಡವ್ವಾ, ಸ್ವಲ್ಪ ಹೊತ್ತು ನಿನ್ನ ಬಾಜೂಕ ಕುಂಡ್ರಲೇನು?"

"ಹಿಂದ ಕುಂಡ್ರು," ಅಂದಳು ಗುಂಡವ್ವ. "ನೀ ಹಿಂದ ಕುಂತು ಹೋದಾಕಿ."

ಪಲ್ಲವಿ ಬಾಗಿಲು ಮುಚ್ಚಿ ಹಿಂದೆ ಹೋಗಿ ಕೂತಳು. ಗುಂಡವ್ವ ಲೋಟವನ್ನು ಕಾಲ ಬಳಿ ಇಟ್ಟು, ತೊಡೆಯ ಮೇಲಿದ್ದ ಕೌದಿಯನ್ನು ಬಿಡಿಸಿದಳು. ಪಕ್ಕದ ಡ್ರೈವರನ ಸೀಟಿನ ಮೇಲೆ ಹಾಸಿ, ಯಾರೂ ಕೂಡಲು ಜಾಗ ಉಳಿಯದ ಹಾಗೆ ನಾಲ್ಕೂ ಅಂಚನ್ನು ಒಳಗೆ ಸೇರಿಸಿದಳು. ಆಮೇಲೆ ಚಹಾ ಎತ್ತಿಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತಳು.