ನಾಲ್ಕನೇ ಮಹಡಿಯ ಅಜ್ಜಿ

ಆ ಹುಡುಗಿಯ ಎದೆಬಡಿತ ಪಿಎಚ್‌ಡಿ ಮೌಖಿಕ ಪರೀಕ್ಷೆಯ ದಿನ ಮೂರು ಬೀದಿಯಾಚೆಗೂ ಕೇಳಿಸಿತು. ನಿಜಕ್ಕೂ ನಾಲ್ಕು ಬೀದಿ. ನೀವು ನಂಬಲಿಕ್ಕಿಲ್ಲವೆಂದು ನಾನೇ ಒಂದನ್ನು ಬಿಟ್ಟುಕೊಟ್ಟಿದ್ದೇನೆ.

ಲಿಫ್ಟಿಲ್ಲದ ಕಟ್ಟಡಗಳಲ್ಲಿ ಮುದುಕರ ಪಾಡೇನು ಎಂಬುದು ಅವಳ ಐದು ವರ್ಷದ ಸಂಶೋಧನೆ. ತಾನೇ ಮನೆಮನೆಗೆ ಹೋಗಿ ಕೇಳಿ ಬರೆಯಬೇಕಾದದ್ದು ಪ್ರಾಥಮಿಕ ಮಾಹಿತಿ. ಹತ್ತು ವರ್ಷದ ಹಿಂದೆ ಅವಳ ಗೈಡ್ ಬರೆದು ಹೆಸರು ಮಾಡಿದ ವರದಿ ದ್ವಿತೀಯಕ ಮಾಹಿತಿ. ಎರಡನ್ನೂ ಹೋಲಿಸಬೇಕು. ಆದರೆ ಮಹಾರಾಯ್ತಿ ಒಂದು ಮೆಟ್ಟಿಲೂ ಹತ್ತಿರಲಿಲ್ಲ! ಜ್ವರದಲ್ಲಿ ತಿಂಗಳುಗಟ್ಟಲೆ ಮಲಗಿ, ಗಡುವು ಕುತ್ತಿಗೆಗೆ ಬಂದಾಗ, ಗೈಡಿನ ವರದಿಯನ್ನೇ ಮುಂದಿಟ್ಟುಕೊಂಡು ಎಲ್ಲರ ವಯಸ್ಸಿಗೂ ಹತ್ತು ಕೂಡಿಸಿ ಪ್ರಶ್ನಾವಳಿ ತುಂಬಿದ್ದಳು.

ಹೊರಗಿನಿಂದ ಬಂದ ಪರೀಕ್ಷಕಿ ಎರಡೂ ಮಾಹಿತಿಗಳನ್ನು ಪಕ್ಕಪಕ್ಕ ಇಟ್ಟು ಕನ್ನಡಕ ಮೇಲೇರಿಸಿದರು. "ಅವಳಿ ಮಕ್ಕಳೂ ಇಷ್ಟು ಹೋಲಲ್ಲ ಕಣಮ್ಮ. ಹತ್ತು ವರ್ಷದಲ್ಲಿ ಒಬ್ಬರೂ ಸಾಯಲಿಲ್ವಾ?"

"ಗಟ್ಟಿ ಜನ, ಮೇಡಂ."

"ಹಾಗಾದ್ರೆ ನೋಡ್ಲೇಬೇಕು. ನಾಲ್ಕನೇ ಮಹಡಿ, ಎಂಬತ್ತೆರಡರ ಅಜ್ಜಿ. ಪಕ್ಕದ ಬೀದಿನೇ ಅಲ್ವಾ? ನಡಿ. ಸುಳ್ಳಾದ್ರೆ ಪದವಿ ಮರೆತುಬಿಡು."

"ಮೆಟ್ಟಿಲು ಬಹಳ ಕಡಿದು, ಮೇಡಂ. ನಿಮ್ಮ ಮಂಡಿ..." ಎಂದರು ಗೈಡ್.

"ನನ್ನ ಮಂಡಿ ಚಿಂತೆ ನನಗಿರಲಿ."

ಪಾಪ ಗೈಡ್, ನನ್ನನ್ನು ಉಳಿಸಲು ಒದ್ದಾಡುತ್ತಿದ್ದಾರೆ ಅಂದುಕೊಂಡಳು ಹುಡುಗಿ. ಮೂವರೂ ಆ ಕಟ್ಟಡದ ಮೆಟ್ಟಿಲು ಹತ್ತತೊಡಗಿದರು. ಅಜ್ಜಿ ಬಾಗಿಲು ತೆಗೆದು 'ಯಾರಮ್ಮಾ ನೀನು, ನೋಡೇ ಇಲ್ಲವಲ್ಲ' ಅಂದುಬಿಟ್ಟರೆ? ಒಂದು, ಎರಡು, ಮೂರನೇ ಮಹಡಿ. ಅಂಗೈ ಬೆವರಿಗೆ ಕಂಬಿ ಜಾರುತ್ತಿತ್ತು. ಒಂದು ಬಕೆಟ್ ಇಟ್ಟಿದ್ದರೆ ತುಂಬುತ್ತಿತ್ತು.

ಆಮೇಲೆ ಒಂದು ಕಬ್ಬಿಣದ ಬಾಗಿಲು. ಆಚೆ ಬರೀ ತಾರಸಿ, ಆಕಾಶ, ಬಟ್ಟೆ ಹರವುತ್ತಿದ್ದ ಒಬ್ಬ ಹೆಂಗಸು.

"ನಾಲ್ಕನೇ ಮಹಡಿನಾ?" ಆಕೆ ನಕ್ಕಳು. "ಮೂವತ್ತು ವರ್ಷದಿಂದ ಇಲ್ಲೇ ಇದ್ದೀನಿ, ಇರೋದೇ ಮೂರು. ನಿಮ್ಮಜ್ಜಿ ಏನು ಹಕ್ಕಿನಾ, ಗಾಳೀಲಿ ಕೂರೋಕೆ?"

ಹುಡುಗಿ ಮೆಲ್ಲಗೆ ಗೈಡಿನತ್ತ ತಿರುಗಿದಳು. ಹಗ್ಗದ ಮೇಲಿನ ಬಿಳಿ ಬೆಡ್‌ಶೀಟೂ ನಾಚಬೇಕು, ಅಷ್ಟು ಬಿಳಿಚಿತ್ತು ಆ ಮುಖ.

"ಮೇಡಂ," ಅಂದಳು ಹುಡುಗಿ, "ನಾನು ಇಲ್ಲಿಗೆ ಬಂದೇ ಇರಲಿಲ್ಲ. ಹಳೇ ವರದಿ ನೋಡಿ ಬರೆದೆ."

"ಗೊತ್ತಾಯ್ತು. ಪದವಿ ಈ ವರ್ಷ ಇಲ್ಲ. ಮೊದಲನೇ ಮನೆಯಿಂದ ಹೊಸದಾಗಿ ಶುರು ಮಾಡು." ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. "ಈಗ ಹೇಳಿ ಸಾರ್, ಹಳೇ ವರದಿ ಬರೆದವರು ಬಂದಿದ್ರಾ?"

ಗೈಡಿನ ಕಂಕುಳಿಂದ ಫೈಲು ಜಾರಿತು. ಒಂದೊಂದೇ ಮೆಟ್ಟಿಲಿಗೆ ಬಡಿದು ಮೂರು ಮಹಡಿಯನ್ನೂ ಇಳಿಯಿತು.